ಪ್ರತಿ ಚೆಂಡನ್ನೂ ಎಸೆದವನು: ಜಿಮ್ ಡೆವ್ಲಿನ್‌ನ ಆಟ ಮತ್ತು ಶಿಕ್ಷೆ



ಆಟಗಳ ಚರಿತ್ರೆಯನ್ನು ಕುರಿತು ವರ್ಷಕ್ಕೊಮ್ಮೆಯಾದರೂ ಮಾತು ನಡೆಯಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಇಟ್ಟವರ ಆಸೆ. ಇಂಥ ವೇದಿಕೆಯಲ್ಲಿ ಸಾಧಕರನ್ನು ನೆನೆಯುವುದು ವಾಡಿಕೆ. ನಾನು ಆರಿಸಿಕೊಂಡಿರುವವನು ಸಾಧಕನೂ ಹೌದು, ಅಪರಾಧಿಯೂ ಹೌದು. ಅದರಲ್ಲೂ ಅವನು ಆಡಿದ್ದು ನಮ್ಮಲ್ಲಿ ಬಹುಮಂದಿ ಪೂರ್ತಿಯಾಗಿ ನೋಡಿರದ ಬೇಸ್‌ಬಾಲ್. ಹೆಸರು ಜಿಮ್ ಡೆವ್ಲಿನ್. 1877ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ತಂಡ ನ್ಯಾಷನಲ್ ಲೀಗ್‌ನಲ್ಲಿ 61 ಪಂದ್ಯ ಆಡಿತು. ಆ 61 ಪಂದ್ಯಗಳಲ್ಲಿ ತನ್ನ ತಂಡದ ಪರವಾಗಿ ಒಂದೊಂದು ಚೆಂಡನ್ನೂ ಎಸೆದವನು ಇವನೊಬ್ಬನೇ. ಋತು ಮುಗಿದ ಕೆಲವೇ ವಾರಗಳಲ್ಲಿ ಅವನನ್ನು ಆಟದಿಂದ ಜೀವನಪರ್ಯಂತ ಹೊರಗಟ್ಟಿದರು. ಅದಾಗಿ ಆರು ವರ್ಷಕ್ಕೆ, 34ನೆಯ ವಯಸ್ಸಿನಲ್ಲಿ, ಕ್ಷಯದಿಂದ ಸತ್ತ.

ಕ್ರಿಕೆಟ್ ಬಲ್ಲ ನಿಮಗೆ ಆಟವನ್ನು ಎರಡು ಮಾತಿನಲ್ಲಿ ಪರಿಚಯಿಸಬಹುದು. ನಮ್ಮಲ್ಲಿ ಒಂದು ಓವರ್ ಮುಗಿದರೆ ಬೌಲರ್ ಬದಲಾಗಲೇಬೇಕು. ಬೇಸ್‌ಬಾಲ್‌ನಲ್ಲಿ ಆ ಕಟ್ಟಳೆಯಿಲ್ಲ. ಪಿಚರ್ ಎನ್ನಿಸಿಕೊಂಡವನು ಪಂದ್ಯ ಮುಗಿಯುವವರೆಗೂ ಎಸೆಯುತ್ತಲೇ ಇರಬಹುದು. 1870ರ ದಶಕದಲ್ಲಿ ಬಹುತೇಕ ತಂಡಗಳು ಒಬ್ಬನೇ ಮುಖ್ಯ ಪಿಚರ್‌ನನ್ನು ಇಟ್ಟುಕೊಂಡು ಇಡೀ ಋತುವನ್ನು ದಾಟಿಸುತ್ತಿದ್ದವು. ಅವನು ನಿಲ್ಲುತ್ತಿದ್ದ ಜಾಗ ಬ್ಯಾಟುಗಾರನಿಂದ 45 ಅಡಿ ದೂರ; ಇಂದು ಅದು 60 ಅಡಿ 6 ಅಂಗುಲ. ಕೈಯನ್ನು ಭುಜದ ಮೇಲೆ ಎತ್ತಿ ಎಸೆಯುವಂತಿರಲಿಲ್ಲ, ಸೊಂಟದ ಕೆಳಗಿನಿಂದಲೇ ಬೀಸಬೇಕು. ಬ್ಯಾಟುಗಾರ ತನಗೆ ಚೆಂಡು ಎತ್ತರಕ್ಕೆ ಬೇಕೋ ತಗ್ಗಿಗೆ ಬೇಕೋ ಎಂದು ಮೊದಲೇ ಕೇಳಬಹುದಿತ್ತು. ಕೈಗವಸು ಹಾಕಿಕೊಂಡವನನ್ನು ಹೆಣ್ಣಿಗನೆಂದು ಗೇಲಿ ಮಾಡುತ್ತಿದ್ದ ಕಾಲ. ಹೀಗಿರುವಾಗ ಪಿಚರ್‌ನ ತೋಳು ಬಿದ್ದರೆ ತಂಡವೂ ಬಿದ್ದಂತೆ. ಆ ತೋಳನ್ನು ಕೊಂಡವನಿಗೆ ಇಡೀ ತಂಡವೇ ಕೈಸೇರುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಹುಟ್ಟುವುದು.

ಡೆವ್ಲಿನ್ ಹುಟ್ಟಿದ್ದು 1849ರಲ್ಲಿ, ಫಿಲಡೆಲ್ಫಿಯದಲ್ಲಿ. ಅಕ್ಷರ ಅವನಿಗೆ ಅಷ್ಟಾಗಿ ಒಲಿಯಲಿಲ್ಲ. ಉಳಿದುಬಂದಿರುವ ಅವನ ಒಂದು ಪತ್ರದಲ್ಲಿ ಸಾಲಿಗೊಂದರಂತೆ ಕಾಗುಣಿತದ ತಪ್ಪು. 1873ರಲ್ಲಿ ತನ್ನೂರಿನ ವೃತ್ತಿಪರ ತಂಡಕ್ಕೆ ಸೇರಿದ. ಮರುವರ್ಷ ಷಿಕಾಗೋಗೆ ಹೋದ. ಆಗ ಅವನು ಮುಖ್ಯವಾಗಿ ಫಸ್ಟ್ ಬೇಸ್ ಕಾಯುವವನು, ಬ್ಯಾಟನ್ನೂ ಚೆನ್ನಾಗಿ ಬೀಸುತ್ತಿದ್ದ. 1875ರಲ್ಲಿ ಎಸೆಯಲು ಹಚ್ಚಿದರು: 7 ಗೆಲುವು, 16 ಸೋಲು. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಅವನು ಅರಳಿದ್ದು ಲೂಯಿವಿಲ್‌ನಲ್ಲಿ. 1876ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲಿನಲ್ಲಿ ಎಂಟು ನಗರಗಳ ತಂಡಗಳನ್ನು ಸೇರಿಸಿ ನ್ಯಾಷನಲ್ ಲೀಗ್ ಕಟ್ಟಲಾಯಿತು. ಅದರಲ್ಲಿ ಲೂಯಿವಿಲ್ ಗ್ರೇಸ್ ಒಂದು. ಆ ವರ್ಷ ಡೆವ್ಲಿನ್ 68 ಪಂದ್ಯಗಳಲ್ಲಿ 622 ಇನಿಂಗ್ಸ್ ಎಸೆದ. ಇಂದು ಒಬ್ಬ ಪಿಚರ್ ವರ್ಷಕ್ಕೆ 200 ಇನಿಂಗ್ಸ್ ದಾಟಿದರೆ ಪತ್ರಿಕೆಗಳು ಬೆರಗುಪಡುತ್ತವೆ. 30 ಪಂದ್ಯ ಗೆದ್ದ, 35 ಸೋತ. ಆದರೆ ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಅವನು ತಾನಾಗಿ ಬಿಟ್ಟುಕೊಟ್ಟ ರನ್ನುಗಳ ಸರಾಸರಿ ಕೇವಲ 1.56. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಥೆ ತಾನೇ ತಿಳಿಯುತ್ತದೆ: ಎಸೆದವನ ತಪ್ಪಿಗಿಂತ ಹಿಂದೆ ನಿಂತು ಹಿಡಿಯಬೇಕಾದವರ ತಪ್ಪಿಗೆ ತಂಡ ಹೆಚ್ಚು ಸೋತಿತ್ತು. ಬ್ಯಾಟುಗಾರನ ಹತ್ತಿರ ಬಂದಾಗ ಥಟ್ಟನೆ ಕುಸಿಯುವ ಚೆಂಡು ಅವನ ವಿಶೇಷವಾಗಿತ್ತು ಎನ್ನುತ್ತಾರೆ. 1877ರಲ್ಲಿ 559 ಇನಿಂಗ್ಸ್, 35 ಗೆಲುವು, 25 ಸೋಲು. ಒಂದು ಪಂದ್ಯ ಸಮ.

ಊರಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಒಹಾಯೋ ನದಿಯ ದಂಡೆಯ ಲೂಯಿವಿಲ್ ವಿಸ್ಕಿ, ತಂಬಾಕು, ಕುದುರೆಗಳ ಪೇಟೆ. ಕೆಂಟಕಿ ಡರ್ಬಿ ಎಂಬ ಪ್ರಸಿದ್ಧ ಕುದುರೆ ಪಂದ್ಯ ಅಲ್ಲಿ ಶುರುವಾದದ್ದು 1875ರಲ್ಲಿ. ಪಣ ಕಟ್ಟುವುದು ಅಲ್ಲಿನವರಿಗೆ ನಾಚಿಕೆಯ ವಿಷಯವಾಗಿರಲಿಲ್ಲ. ಅಲ್ಲಷ್ಟೇ ಏಕೆ, ನ್ಯೂಯಾರ್ಕ್, ಬ್ರೂಕ್ಲಿನ್, ಹೊಬೋಕನ್‌ಗಳಲ್ಲಿ ಬೇಸ್‌ಬಾಲ್ ಪಂದ್ಯಗಳ ಮೇಲೆ ಹಣ ಹೂಡುವ ‘ಪೂಲ್’ ಕೋಣೆಗಳು ಬಾಗಿಲು ತೆರೆದುಕೊಂಡೇ ವ್ಯಾಪಾರ ಮಾಡುತ್ತಿದ್ದವು. ತಂತಿ ಬಂದ ಮೇಲಂತೂ ಸಾವಿರ ಮೈಲಿ ದೂರದ ಪಂದ್ಯದ ಮೇಲೂ ಅದೇ ದಿನ ಪಣ ಕಟ್ಟಬಹುದಿತ್ತು.

1877ರ ಆಗಸ್ಟ್ ಮಧ್ಯದ ಹೊತ್ತಿಗೆ ಲೂಯಿವಿಲ್ ಪಟ್ಟಿಯ ತುದಿಯಲ್ಲಿತ್ತು. ಚಾಂಪಿಯನ್ ಪಟ್ಟ ಕೈಗೆಟುಕುವಂತಿತ್ತು. ಬಾಸ್ಟನ್ ತಂಡವನ್ನೂ ಬ್ರೂಕ್ಲಿನ್‌ನಲ್ಲಿ ನೆಲೆಯೂರಿದ್ದ ಹಾರ್ಟ್‌ಫರ್ಡ್ ತಂಡವನ್ನೂ ಎದುರಿಸಲು ಪೂರ್ವಕ್ಕೆ ಹೋದರು ನೋಡಿ, ಒಂದರ ಮೇಲೊಂದು ಸೋಲು. ಸುಲಭದ ಚೆಂಡುಗಳು ಕೈಜಾರಿದವು, ಬೇಸ್‌ನಿಂದ ಬೇಸ್‌ಗೆ ಓಡುವವರು ವಿನಾಕಾರಣ ಸಿಕ್ಕಿಬಿದ್ದರು. ಪಟ್ಟ ಬಾಸ್ಟನ್ ಪಾಲಾಯಿತು. ಸ್ಥಳೀಯ ಕುರಿಯರ್-ಜರ್ನಲ್ ಪತ್ರಿಕೆಯ ವರದಿಗಾರ ಜಾನ್ ಹಾಲ್ಡ್‌ಮನ್ ಒಂದು ಸೋಲಿನ ಸುದ್ದಿಗೆ ಬರೀ ಆಶ್ಚರ್ಯಸೂಚಕ, ಪ್ರಶ್ನಾರ್ಥಕ ಚಿಹ್ನೆಗಳನ್ನೇ ಸಾಲಾಗಿ ಜೋಡಿಸಿ ತಲೆಬರಹ ಕೊಟ್ಟ. ಅಕ್ಷರವೇ ಇಲ್ಲದ ಆ ತಲೆಬರಹ ಊರಿಗೆಲ್ಲ ಅರ್ಥವಾಯಿತು. ಈ ಹಾಲ್ಡ್‌ಮನ್ ಹೊರಗಿನವನೇನಲ್ಲ. ಪತ್ರಿಕೆಯ ಮಾಲೀಕರೂ ತಂಡದ ಅಧ್ಯಕ್ಷರೂ ಆಗಿದ್ದ ವಾಲ್ಟರ್ ಹಾಲ್ಡ್‌ಮನ್ ಅವರ ಮಗ. ಅದೇ ಋತುವಿನಲ್ಲಿ ಆಳು ಕಡಿಮೆಯಾದಾಗ ತಾನೇ ಅಂಗಳಕ್ಕಿಳಿದು ಗ್ರೇಸ್ ಪರ ಒಂದು ಪಂದ್ಯ ಆಡಿದ್ದ. ತಂಡದ ಒಡೆತನ, ಪತ್ರಿಕೆ, ಆಟ ಮೂರೂ ಒಂದೇ ಮನೆಯಲ್ಲಿದ್ದ ಕಾಲ. ಇಂದು ಇದನ್ನು ಹಿತಾಸಕ್ತಿಗಳ ಘರ್ಷಣೆ ಎನ್ನುತ್ತೇವೆ. ಆದರೆ ಸತ್ಯ ಹೊರಬಿದ್ದದ್ದು ಅದೇ ಘರ್ಷಣೆಯ ಮನೆಯಿಂದ ಎಂಬುದನ್ನು ಮರೆಯುವಂತಿಲ್ಲ.

ತಂಡದ ಉಪಾಧ್ಯಕ್ಷ ಚಾರ್ಲ್ಸ್ ಚೇಸ್‌ಗೆ ಹೆಸರಿಲ್ಲದ ತಂತಿಗಳು ಬರತೊಡಗಿದ್ದವು: ನಿಮ್ಮ ಹುಡುಗರ ಮೇಲೆ ಕಣ್ಣಿಡಿ, ಪೂಲ್‌ಗಳಲ್ಲಿ ಹಣವೆಲ್ಲ ನಿಮ್ಮ ವಿರುದ್ಧ ಬೀಳುತ್ತಿದೆ ಎಂದು. ಮೂರನೆಯ ಬೇಸ್ ಕಾಯುತ್ತಿದ್ದ ಬಿಲ್ ಹೇಗ್‌ಗೆ ಕಂಕುಳಲ್ಲಿ ಕುರುವೆದ್ದು ಆಡಲಾಗದೆ ಇದ್ದಾಗ, ಎಡಗಡೆಯ ಮೈದಾನದ ಜಾರ್ಜ್ ಹಾಲ್ ಒಬ್ಬ ಪರಿಚಯಸ್ಥನನ್ನು ಸೂಚಿಸಿದ್ದ. ಅವನೇ ಆಲ್ ನಿಕೋಲ್ಸ್. ಹೇಗ್‌ನ ಕುರು ವಾಸಿಯಾದ ಮೇಲೂ ನಿಕೋಲ್ಸ್ ಆಡುತ್ತಲೇ ಇದ್ದ. ಬದಲಿಗೆ ಬಂದ ಈ ಸಾಧಾರಣ ಆಟಗಾರನಿಗೆ ಊರೂರಿಗೂ ಬೆನ್ನಟ್ಟಿ ತಂತಿಗಳು ಬರುತ್ತಿದ್ದುದು ಏಕೆ?

ಚೇಸ್ ಒಂದು ಉಪಾಯ ಮಾಡಿದ. ನಿಮ್ಮ ಹೆಸರಿಗೆ ಬಂದ, ನೀವು ಕಳುಹಿಸಿದ ತಂತಿಗಳನ್ನೆಲ್ಲ ನಮಗೆ ತೋರಿಸುವಂತೆ ವೆಸ್ಟರ್ನ್ ಯೂನಿಯನ್ ಕಂಪನಿಗೆ ಒಪ್ಪಿಗೆಪತ್ರ ಬರೆದುಕೊಡಿ ಎಂದು ಎಲ್ಲ ಆಟಗಾರರನ್ನೂ ಕೇಳಿದ. ಕೊಟ್ಟರೆ ಸಿಕ್ಕಿಬೀಳುತ್ತಾರೆ, ಕೊಡದಿದ್ದರೆ ಕೊಡದಿದ್ದುದೇ ಸಾಕ್ಷಿ. ಒಪ್ಪದವನು ಬಿಲ್ ಕ್ರೇವರ್ ಒಬ್ಬನೇ. ತಂತಿಗಳಲ್ಲಿ ಮತ್ತೆಮತ್ತೆ ಕಂಡದ್ದು ‘ಸ್ಯಾಷ್’ ಎಂಬ ಸಂಕೇತ. ಅದು ಸಂದೇಶದಲ್ಲಿದ್ದರೆ ಲೂಯಿವಿಲ್ ಸೋಲುತ್ತದೆ ಎಂದರ್ಥ. ನ್ಯೂಯಾರ್ಕ್‌ನಲ್ಲಿ ಅದಕ್ಕಾಗಿ ಕಾದು ಕುಳಿತಿದ್ದವನು ಮೆಕ್ಲೌಡ್ ಎಂಬ ಜೂಜುಗಾರ. 2000ದಲ್ಲಿ ದೆಹಲಿ ಪೊಲೀಸರು ಫೋನಿಗೆ ಕಿವಿಗೊಟ್ಟು ಹ್ಯಾನ್ಸಿ ಕ್ರೋನ್ಯೆಯ ವ್ಯವಹಾರವನ್ನು ಬಯಲು ಮಾಡಿದಾಗಲೂ, 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್‌ನ ಪ್ರಕರಣದಲ್ಲಿ ಬೆಂಗಳೂರಿನ ಪೊಲೀಸರು ಆಟಗಾರರನ್ನು ಬಂಧಿಸಿದಾಗಲೂ ನಡೆದದ್ದು ಇದೇ ಬಗೆಯ ಆಟವೇ. ತಂತಿಯ ಜಾಗಕ್ಕೆ ಫೋನು ಬಂದಿತ್ತು, ಅಷ್ಟೆ.

ಮೊದಲು ಬಾಯಿಬಿಟ್ಟವನು ಡೆವ್ಲಿನ್. ಒಪ್ಪಿಕೊಂಡದ್ದು ಮಾತ್ರ ಅರ್ಧ. ಲೀಗ್‌ಗೆ ಸೇರದ ಪ್ರದರ್ಶನ ಪಂದ್ಯಗಳನ್ನು ಬಿಟ್ಟುಕೊಟ್ಟದ್ದು ನಿಜ, ಲೀಗ್ ಪಂದ್ಯಗಳನ್ನಲ್ಲ ಎಂದ. ಇವನು ಎಲ್ಲವನ್ನೂ ಕಕ್ಕಿರಬೇಕೆಂದು ಹೆದರಿ ಹಾಲ್ ತನ್ನದನ್ನೂ ಹೇಳಿಕೊಂಡ. ಹಾಲ್ ಸಾಮಾನ್ಯನಲ್ಲ; ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು, 1876ರಲ್ಲಿ ಐದು ಹೋಮ್‌ರನ್ ಹೊಡೆದು ನ್ಯಾಷನಲ್ ಲೀಗ್‌ನ ಮೊದಲ ಹೋಮ್‌ರನ್ ನಾಯಕ ಎನಿಸಿಕೊಂಡವನು. ಈ ತಪ್ಪೊಪ್ಪಿಗೆಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಮೆಕ್ಲೌಡ್‌ನಿಂದ ಡೆವ್ಲಿನ್‌ಗೆ ಬಂದದ್ದು 100 ಡಾಲರ್. ಅವನು ಹಾಲ್‌ಗೆ ಬಂದದ್ದೇ 50 ಎಂದು ಹೇಳಿ 25 ಕೈಗಿಟ್ಟ. ಮೋಸದೊಳಗೊಂದು ಮೋಸ. ಅವನನ್ನು ಬಡಪಾಯಿ ಎಂದು ಕರೆಯಲು ಹೊರಟವರೆಲ್ಲ ಈ 75 ಡಾಲರಿನ ಬಳಿ ಸ್ವಲ್ಪ ತಡವರಿಸಬೇಕಾಗುತ್ತದೆ. ನಾನೂ ತಡವರಿಸಿದ್ದೇನೆ.

ಹಾಗೆಂದು ಇನ್ನೊಂದು ಕಡೆಯ ಲೆಕ್ಕವನ್ನು ಮುಚ್ಚಿಡಲಾಗದು. ಲೂಯಿವಿಲ್‌ನ ಆಟಗಾರರಿಗೆ ಸಂಬಳ ಬಾಕಿಯಿತ್ತು. ಬಾಕಿ ತೀರಿಸಿದರೆ ತಂತಿ ತೋರಿಸುತ್ತೇನೆ ಎಂಬುದು ಕ್ರೇವರ್‌ನ ವಾದವಾಗಿತ್ತು. ಆ ದಿನಗಳಲ್ಲಿ ಆಟಗಾರ ತನ್ನ ಸಮವಸ್ತ್ರಕ್ಕೆ 30 ಡಾಲರ್ ತಾನೇ ಕೊಡಬೇಕಿತ್ತು. ಪರಸ್ಥಳಕ್ಕೆ ಹೋದಾಗ ಊಟಕ್ಕೆಂದು ದಿನಕ್ಕೆ 50 ಸೆಂಟ್ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಪ್ರೇಕ್ಷಕನ ಟಿಕೆಟ್ಟೂ 50 ಸೆಂಟೇ. 559 ಇನಿಂಗ್ಸ್ ಎಸೆಯುವವನು ಮಾಲೀಕರ ಖಾತೆಯಲ್ಲಿ ಸಾಲಗಾರ! ಇದರಿಂದ ಅವನ ತಪ್ಪು ತೊಳೆದುಹೋಗುವುದಿಲ್ಲ. ಆದರೆ ಜೂಜುಗಾರನ 100 ಡಾಲರ್‌ಗೆ ಅಷ್ಟು ತೂಕ ಹೇಗೆ ಬಂತೆಂದು ಕೇಳಿದರೆ ಉತ್ತರ ಇಲ್ಲಿದೆ.

1877ರ ಅಕ್ಟೋಬರ್ ಕೊನೆಯಲ್ಲಿ ತಂಡದ ನಿರ್ದೇಶಕರು ಡೆವ್ಲಿನ್, ಹಾಲ್, ನಿಕೋಲ್ಸ್, ಕ್ರೇವರ್ ನಾಲ್ವರನ್ನೂ ಉಚ್ಚಾಟಿಸಿದರು. ಡಿಸೆಂಬರ್‌ನಲ್ಲಿ ಲೀಗ್ ಅದಕ್ಕೆ ಮುದ್ರೆಯೊತ್ತಿತು. ಕ್ರೇವರ್ ವಿರುದ್ಧ ಪಂದ್ಯ ಮಾರಿದ ಪುರಾವೆ ಸಿಗಲೇ ಇಲ್ಲ. ತಂತಿ ತೋರಿಸದ ಹಟ ಮತ್ತು ಹಳೆಯ ಕೆಟ್ಟ ಹೆಸರು ಅವನಿಗೆ ಮುಳುವಾದವು. ತಂಡವೂ ಉಳಿಯಲಿಲ್ಲ. ಮರು ಋತು ಶುರುವಾಗುವ ಮೊದಲೇ ಲೂಯಿವಿಲ್ ಲೀಗ್‌ನಿಂದ ಹೊರನಡೆಯಿತು. ಡೆವ್ಲಿನ್‌ನನ್ನು 1878ಕ್ಕೆ ಗೊತ್ತುಮಾಡಿಕೊಂಡಿದ್ದ ಸೇಂಟ್ ಲೂಯಿಸ್ ತಂಡವೂ ಬಾಗಿಲು ಹಾಕಿತು.

ಇಷ್ಟಾದರೂ ಡೆವ್ಲಿನ್ ತನಗೆ ಕ್ಷಮೆ ಸಿಗುತ್ತದೆಂದು ನಂಬಿದ್ದ. ಅದು ಹುಚ್ಚು ನಂಬಿಕೆಯಲ್ಲ. 1865ರಲ್ಲಿ ನ್ಯೂಯಾರ್ಕ್ ಮ್ಯೂಚುವಲ್ಸ್ ತಂಡದ ಮೂವರು ಒಂದು ಪಂದ್ಯವನ್ನು ಮಾರಿಕೊಂಡು ಸಿಕ್ಕಿಬಿದ್ದಿದ್ದರು. 1870ರ ಹೊತ್ತಿಗೆ ಮೂವರೂ ಆಟಕ್ಕೆ ಮರಳಿದ್ದರು. ಕ್ರೇವರ್‌ನನ್ನೇ ಹಿಂದೊಮ್ಮೆ ಷಿಕಾಗೋದವರು ಹೊರಹಾಕಿದ್ದರು, ಇನ್ನೊಬ್ಬರು ಕರೆದು ಕೆಲಸ ಕೊಟ್ಟಿದ್ದರು. ಉಚ್ಚಾಟನೆ ಎಂದರೆ ಒಂದೆರಡು ವರ್ಷದ ಅಜ್ಞಾತವಾಸ ಎಂಬುದು ಅಂದಿನ ಲೋಕರೂಢಿ. ಆ ರೂಢಿಯನ್ನು ಮುರಿಯಲು ನಿಂತಿದ್ದ ಮನುಷ್ಯನೊಬ್ಬನನ್ನು ಡೆವ್ಲಿನ್ ಸರಿಯಾಗಿ ಅಳೆದಿರಲಿಲ್ಲ.

ಅವನು ವಿಲಿಯಂ ಹಲ್ಬರ್ಟ್, ಷಿಕಾಗೋ ತಂಡದ ಮುಖ್ಯಸ್ಥ, 1877ರಿಂದ ಲೀಗ್‌ನ ಅಧ್ಯಕ್ಷ. ನ್ಯಾಷನಲ್ ಲೀಗ್‌ಗಿಂತ ಮೊದಲಿದ್ದ ಒಕ್ಕೂಟ ಜೂಜು, ಕುಡಿತ, ಅಶಿಸ್ತುಗಳಿಂದ ಹೆಸರು ಕೆಡಿಸಿಕೊಂಡಿತ್ತು. ಮರ್ಯಾದಸ್ಥ ಮಧ್ಯಮವರ್ಗ ಹೆಂಡತಿಯನ್ನೂ ಕರೆದುಕೊಂಡು ಬಂದು ಟಿಕೆಟ್ ಕೊಳ್ಳುವಂಥ ಆಟವೊಂದು ಹಲ್ಬರ್ಟ್‌ಗೆ ಬೇಕಾಗಿತ್ತು. 1876ರ ಕೊನೆಯಲ್ಲಿ ಪಶ್ಚಿಮದ ಪ್ರವಾಸ ತಪ್ಪಿಸಿದ ಕಾರಣಕ್ಕೆ ನ್ಯೂಯಾರ್ಕ್, ಫಿಲಡೆಲ್ಫಿಯ ಎಂಬ ಎರಡು ಮಹಾನಗರಗಳ ತಂಡಗಳನ್ನೇ ಹೊರಹಾಕಿದ. 1880ರಲ್ಲಿ ಅಂಗಳದಲ್ಲಿ ಬಿಯರ್ ಮಾರಿದ್ದಕ್ಕೂ ಭಾನುವಾರ ಬಾಡಿಗೆಗೆ ಕೊಟ್ಟದ್ದಕ್ಕೂ ಸಿನ್ಸಿನಾಟಿಯನ್ನು ಲೀಗ್ ಓಡಿಸಿತು. ಇಂಥವರ ಕಾಲಿಗೆ ಬಿದ್ದು ಏನು ಪ್ರಯೋಜನ?

ಆದರೂ ಬಿದ್ದ. ಆ ದೃಶ್ಯ ನಮಗೆ ಸಿಕ್ಕಿರುವುದು ಆಲ್ಬರ್ಟ್ ಸ್ಪಾಲ್ಡಿಂಗ್‌ನ ಲೇಖನಿಯಿಂದ. ಸ್ಪಾಲ್ಡಿಂಗ್ ಆ ಕಾಲದ ಮೇಲುದರ್ಜೆಯ ಪಿಚರ್, ಆಮೇಲೆ ಕ್ರೀಡಾಸಾಮಗ್ರಿಗಳ ದೊಡ್ಡ ವ್ಯಾಪಾರಿ. 1888-89ರಲ್ಲಿ ತಂಡ ಕಟ್ಟಿಕೊಂಡು ಭೂಮಿ ಸುತ್ತಿ, ದಾರಿಯಲ್ಲಿ ಕೊಲಂಬೊದಲ್ಲೂ ಒಂದು ಪಂದ್ಯ ಆಡಿಸಿದವನು. 1911ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಹೀಗೆ ನೆನೆಯುತ್ತಾನೆ: ಚಳಿಗಾಲದ ಒಂದು ದಿನ ಷಿಕಾಗೋದ ಕಚೇರಿಗೆ ಹರಕು ಬಟ್ಟೆಯ ಡೆವ್ಲಿನ್ ಬಂದ, ಹಲ್ಬರ್ಟ್ ಎದುರು ಮಂಡಿಯೂರಿದ, ತನಗಲ್ಲದಿದ್ದರೂ ಹೆಂಡತಿ ಮಗುವಿಗಾಗಿ ಕ್ಷಮಿಸಬೇಕೆಂದು ಅತ್ತ. ಹಲ್ಬರ್ಟ್‌ನ ಕಣ್ಣಲ್ಲೂ ನೀರು. ಜೇಬಿನಿಂದ 50 ಡಾಲರ್ ನೋಟು ತೆಗೆದು ಅವನ ಕೈಗಿಟ್ಟ. ಇದು ನಿನ್ನ ಬಗ್ಗೆ ನನಗಿರುವ ಮರುಕ, ಆದರೆ ನೀನು ಆಟವನ್ನು ಮಾರಿದವನು, ನಾನು ಬದುಕಿರುವವರೆಗೆ ನಿನ್ನನ್ನು ಒಳಗೆ ಬಿಡುವುದಿಲ್ಲ ಎಂಬರ್ಥದ ಮಾತು ಹೇಳಿ ಕಳುಹಿಸಿದ.

ದೃಶ್ಯ ನಾಟಕದ್ದೇ. ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬರೆದದ್ದು, ಬರೆದವನು ಹಲ್ಬರ್ಟ್‌ನ ಬಲಗೈ. ಬೇಸ್‌ಬಾಲ್ ಅಪ್ಪಟ ಅಮೆರಿಕದಲ್ಲೇ ಹುಟ್ಟಿದ್ದೆಂಬ ಕಟ್ಟುಕಥೆಗೆ ಒತ್ತಾಸೆಯಾಗಿ ನಿಂತವನೂ ಇವನೇ. ಆದ್ದರಿಂದ ಕಣ್ಣೀರಿನ ಪ್ರಮಾಣವನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಇಲ್ಲಿ ಇನ್ನೊಂದು ಮಾತು. ಈ ಸ್ಪಾಲ್ಡಿಂಗ್ ಷಿಕಾಗೋಗೆ ಬಂದದ್ದು ಹೇಗೆ? 1875ರ ಋತು ಇನ್ನೂ ನಡೆಯುತ್ತಿರುವಾಗಲೇ ಹಲ್ಬರ್ಟ್ ಬಾಸ್ಟನ್ ತಂಡದ ಸ್ಪಾಲ್ಡಿಂಗ್ ಸೇರಿ ನಾಲ್ವರು ತಾರೆಗಳನ್ನು ಗುಟ್ಟಾಗಿ ಒಪ್ಪಂದ ಮಾಡಿ ಸೆಳೆದುಕೊಂಡ. ಅಂದಿನ ಒಕ್ಕೂಟದ ನಿಯಮದಂತೆ ಅದು ಉಚ್ಚಾಟನೆಗೆ ತಕ್ಕ ಅಪರಾಧ. ಸುದ್ದಿ ಹೊರಬಿದ್ದಾಗ ಹಲ್ಬರ್ಟ್ ಕಂಡುಕೊಂಡ ದಾರಿ, ಒಕ್ಕೂಟವನ್ನೇ ಮುರಿದು ಹೊಸ ಲೀಗ್ ಕಟ್ಟುವುದು. ಆ ಕಚೇರಿಯಲ್ಲಿದ್ದ ಡೆವ್ಲಿನ್, ಹಲ್ಬರ್ಟ್, ಸ್ಪಾಲ್ಡಿಂಗ್ ಮೂವರೂ ಒಂದಲ್ಲ ಒಂದು ನಿಯಮ ಮುರಿದವರೇ. ಮಂಡಿಯೂರಿದವನು ಮಾತ್ರ ಒಬ್ಬ. ಪಂದ್ಯವನ್ನು ಮಾರುವುದೂ ಆಟಗಾರನನ್ನು ಸೆಳೆಯುವುದೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ಮೊದಲನೆಯದು ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೇ ಬಗೆದ ದ್ರೋಹ. ಆದರೆ ಆಟದ ಶುದ್ಧಿಯ ಬೆಲೆಯನ್ನು ಯಾರ ಕೈಯಿಂದ ಕಕ್ಕಿಸಿದರು ಎಂದು ಕೇಳುವ ಹಕ್ಕು ಚರಿತ್ರೆ ಓದುವವನಿಗಿದೆ.

ಡೆವ್ಲಿನ್‌ನದೇ ದನಿ ಕೇಳಿಸುವುದು 1878ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯದಿಂದ ಹ್ಯಾರಿ ರೈಟ್‌ಗೆ ಬರೆದ ಪತ್ರದಲ್ಲಿ. ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವೃತ್ತಿಯವನಾಗಿದ್ದ ಅಪ್ಪನ ಜೊತೆ ಕ್ರಿಕೆಟ್ ಆಡಿ, ಬೇಸ್‌ಬಾಲ್‌ಗೆ ಬಂದು 1869ರಲ್ಲಿ ಸಿನ್ಸಿನಾಟಿಯ ಮೊದಲ ಬಹಿರಂಗ ವೃತ್ತಿಪರ ತಂಡವನ್ನು ಕಟ್ಟಿದವನು. 1877ರಲ್ಲಿ ಅವನು ಬಾಸ್ಟನ್‌ನ ಮ್ಯಾನೇಜರ್. ಅಂದರೆ ಲೂಯಿವಿಲ್‌ನ ಸೋಲುಗಳಿಂದ ಪಟ್ಟ ಗಿಟ್ಟಿಸಿಕೊಂಡ ತಂಡದ ಯಜಮಾನನಿಗೇ ಡೆವ್ಲಿನ್ ಕೈಚಾಚಿದ. ಹೆಂಡತಿ ಮಗುವಿನ ಹೊಟ್ಟೆಗಿಲ್ಲ, ಮೈಗೆ ಬಟ್ಟೆಯಿಲ್ಲ, ಆಡಲು ಬಿಡದಿದ್ದರೆ ಅಂಗಳ ನೋಡಿಕೊಳ್ಳುವ ಕೆಲಸವಾದರೂ ಸಾಕು ಎನ್ನುತ್ತದೆ ಆ ಪತ್ರ. ಪ್ರತಿಯೊಂದು ಕಾಗದವನ್ನೂ ಜೋಪಾನ ಮಾಡುವ ಅಭ್ಯಾಸ ರೈಟ್‌ಗಿತ್ತು, ಹಾಗಾಗಿ ಪತ್ರ ಉಳಿಯಿತು. ಕೆಲಸ ಸಿಗಲಿಲ್ಲ.

ಲೀಗ್‌ನ ಸಭೆ ನಡೆಯುವ ಕಡೆಗೆಲ್ಲ ಅವನು ವರ್ಷವರ್ಷವೂ ಅಹವಾಲು ಹಿಡಿದುಕೊಂಡು ಹೋದ. 1880ರಲ್ಲಿ ಲೀಗ್ ಕೊನೆಯ ಬೀಗ ಹಾಕಿತು. ಈ ನಾಲ್ವರ ಅರ್ಜಿಯನ್ನು ಇನ್ನೆಂದೂ ವಿಚಾರಿಸುವುದಿಲ್ಲ ಎಂದು ನಿರ್ಣಯ ಮಾಡಿ, ಅವರಿಗಷ್ಟೇ ಅಲ್ಲ, ಅವರ ಪರ ಮಾತಾಡುವ ಸ್ನೇಹಿತರಿಗೂ ಇದು ಅನ್ವಯ ಎಂದು ಸೇರಿಸಿತು. ಅದಕ್ಕೆ ಒಂದು ವರ್ಷ ಮೊದಲು, 1879ರ ಸೆಪ್ಟೆಂಬರ್‌ನಲ್ಲಿ, ಅದೇ ಮಾಲೀಕರು ಇನ್ನೊಂದು ಒಪ್ಪಂದ ಮಾಡಿಕೊಂಡಿದ್ದರು: ಪ್ರತಿ ತಂಡವೂ ಐದು ಮಂದಿಯನ್ನು ‘ಕಾದಿರಿಸಿಕೊಳ್ಳಬಹುದು’, ಅವರನ್ನು ಬೇರೆ ಯಾರೂ ಕರೆಯಬಾರದು. ಆಟಗಾರರನ್ನು ಕೇಳದೆ ಮಾಡಿಕೊಂಡ ಈ ಗುಟ್ಟಿನ ಒಪ್ಪಂದ ಬೆಳೆಯುತ್ತ ಹೋಗಿ, ಸುಮಾರು ಒಂದು ಶತಮಾನ ಕಾಲ ಅಮೆರಿಕದ ಆಟಗಾರನನ್ನು ಒಂದೇ ಮಾಲೀಕನಿಗೆ ಕಟ್ಟಿಹಾಕಿತು. ಒಬ್ಬನ ಆಡುವ ಹಕ್ಕನ್ನು ಜನ್ಮಪೂರ್ತಿ ಕಸಿಯಬಲ್ಲೆವು ಎಂದು ತೋರಿಸಿಕೊಂಡವರಿಗೆ ಉಳಿದವರನ್ನು ಕಟ್ಟುವುದು ಕಷ್ಟವಾಗಲಿಲ್ಲ. ಡೆವ್ಲಿನ್ ಪ್ರಕರಣದಲ್ಲಿ ಇತಿಹಾಸಕಾರರು ಜೂಜನ್ನು ನೋಡಿದಷ್ಟು ಇದನ್ನು ನೋಡಿಲ್ಲ ಎಂದು ನನ್ನ ತಕರಾರು.

ಡೆವ್ಲಿನ್‌ಗೆ ಕೊನೆಗೆ ಕೆಲಸ ಕೊಟ್ಟದ್ದು ಫಿಲಡೆಲ್ಫಿಯದ ಪೊಲೀಸ್ ಇಲಾಖೆ. ನಂಬಿಕೆಗೆ ಅರ್ಹನಲ್ಲ ಎಂದು ಲೀಗ್ ತೀರ್ಮಾನಿಸಿದವನ ಕೈಗೆ ನಗರ ಲಾಠಿ ಕೊಟ್ಟಿತು. ಕ್ರೇವರ್ ಕೂಡ ಟ್ರಾಯ್ ನಗರದಲ್ಲಿ ಪೊಲೀಸನಾದ. ಹಾಲ್ ಬ್ರೂಕ್ಲಿನ್‌ನಲ್ಲಿ ಲೋಹದ ಮೇಲೆ ಕೆತ್ತನೆ ಮಾಡುತ್ತ 1923ರವರೆಗೂ ಬದುಕಿದ್ದ. 1882ರಲ್ಲಿ ಅಮೆರಿಕನ್ ಅಸೋಸಿಯೇಷನ್ ಎಂಬ ಎದುರಾಳಿ ಲೀಗ್ ಬಂತು, 25 ಸೆಂಟಿನ ಟಿಕೆಟ್ಟು, ಅಂಗಳದಲ್ಲೇ ಬಿಯರು. ಅದರಲ್ಲಿ ಲೂಯಿವಿಲ್‌ಗೂ ತಂಡ ಸಿಕ್ಕಿತು. ಡೆವ್ಲಿನ್‌ಗೆ ಅಲ್ಲೂ ಜಾಗವಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಹಲ್ಬರ್ಟ್ ತೀರಿಕೊಂಡ. ಷಿಕಾಗೋದಲ್ಲಿ ಅವನ ಸಮಾಧಿಯ ಮೇಲೆ ಹೊಲಿಗೆ ಕೆತ್ತಿದ ಕಲ್ಲಿನ ಬೇಸ್‌ಬಾಲ್ ಇದೆ. ಡೆವ್ಲಿನ್ ಸತ್ತದ್ದು 1883ರ ಅಕ್ಟೋಬರ್ 10ರಂದು. ಕ್ಷಯದ ರೋಗಾಣುವನ್ನು ವಿಜ್ಞಾನಿ ಕಾಕ್ ಜಗತ್ತಿಗೆ ತೋರಿಸಿ ಒಂದೂವರೆ ವರ್ಷವಾಗಿತ್ತು. ಔಷಧಿ ಬರಲು ಇನ್ನೂ ಆರು ದಶಕ ಬಾಕಿಯಿತ್ತು.

ಅವನ ಆಟದ ಲೆಕ್ಕ ಇಂದಿಗೂ ದಾಖಲೆ ಪುಸ್ತಕಗಳಲ್ಲಿ ಇದೆ: ಒಟ್ಟು 72 ಗೆಲುವು, 76 ಸೋಲು. ನನಗೆ ತೊಡಕಾಗಿರುವುದು ಆ 76. 1876ರ 35 ಸೋಲುಗಳ ಮಾತು ಹಾಗಿರಲಿ. 1877ರ 25ರಲ್ಲಿ ಎಷ್ಟು ಎದುರಾಳಿಯ ಬಲದಿಂದ ಬಂದವು, ಎಷ್ಟು ತಂತಿಯಿಂದ ಬಂದವು? ಲೀಗ್ ಪಂದ್ಯ ಮಾರಿಲ್ಲವೆಂದು ಅವನು ಹೇಳಿದ್ದನ್ನು ನಂಬಿದರೆ ಎಲ್ಲವೂ ನಿಜವಾದ ಸೋಲುಗಳೇ; ನಂಬದಿದ್ದರೆ ಆ ಸಾಲಿನ ಯಾವ ಅಂಕಿಯನ್ನೂ ನಂಬುವಂತಿಲ್ಲ, ಗೆಲುವುಗಳನ್ನೂ ಸಹ. ಪಂದ್ಯ ಮಾರುವವನು ಕದಿಯುವುದು ಮುಖ್ಯವಾಗಿ ಇದನ್ನೇ. ಹಲ್ಬರ್ಟ್‌ನ ಸಿಟ್ಟು ನನಗೆ ಅರ್ಥವಾಗುವುದು ಈ ಜಾಗದಲ್ಲಿ.

1919ರ ವಿಶ್ವ ಸರಣಿಯನ್ನು ಮಾರಿಕೊಂಡ ಆರೋಪಕ್ಕೆ ಷಿಕಾಗೋ ವೈಟ್ ಸಾಕ್ಸ್‌ನ ಎಂಟು ಮಂದಿಯನ್ನು ಹೊರಹಾಕಿದಾಗ, ಅಂಥ ಶಿಕ್ಷೆಯ ಹಾದಿ ಲೂಯಿವಿಲ್‌ನ ನಾಲ್ವರ ಮೇಲೆ ಆಗಲೇ ಹಾಸಿ ಆಗಿತ್ತು. ಹಲ್ಬರ್ಟ್ 1995ರಲ್ಲಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಸೇರಿದ. 2025ರ ಮೇ ತಿಂಗಳಲ್ಲಿ ಬೇಸ್‌ಬಾಲ್ ಕಮಿಷನರ್ ಒಂದು ಆದೇಶ ಹೊರಡಿಸಿ, ಆಜೀವ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆ ಎಂದರು. ಪೀಟ್ ರೋಸ್, ಜೋ ಜಾಕ್ಸನ್ ಸೇರಿ 17 ಮಂದಿ ಮೃತರ ಹೆಸರು ನಿಷೇಧದ ಪಟ್ಟಿಯಿಂದ ಹೊರಬಂತು. ಆ 17 ಹೆಸರುಗಳೂ 1920ರಲ್ಲಿ ಕಮಿಷನರ್ ಹುದ್ದೆ ಹುಟ್ಟಿದ ನಂತರ ನಿಷೇಧಕ್ಕೆ ಒಳಗಾದವರವು. 1877ರ ನಾಲ್ವರಲ್ಲಿ ಒಬ್ಬನ ಹೆಸರೂ ಅದರಲ್ಲಿಲ್ಲ.